ಸಿಪ್ಪೆ ಬಿಡದ ಬೀಜದ ತೂಕ

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಂತಿಮ ವರ್ಷದ ತರಗತಿಯಲ್ಲಿ ಮೂಲಕಣಗಳ ಪಟ್ಟಿ ಬರೆಯುವಾಗ ಬಾಟಮ್ ಕ್ವಾರ್ಕ್‌ನ ಮುಂದೆ ದ್ರವ್ಯರಾಶಿ 4.18 ಜಿಇವಿ (ದ್ರವ್ಯರಾಶಿಯನ್ನು ಶಕ್ತಿಯ ಮಾನದಲ್ಲಿ ಹೇಳುವ ಗಿಗಾ ಎಲೆಕ್ಟ್ರಾನ್ ವೋಲ್ಟ್) ಎಂದು ಬರೆದೆ. ಒಬ್ಬ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ 4.78 ಇದೆ ಎಂದಳು. ಇನ್ನೊಬ್ಬ ಮೊಬೈಲ್ ನೋಡಿ 2.8 ಎಂದ. ಚಾರ್ಮ್ ಕ್ವಾರ್ಕ್‌ಗೂ ಅದೇ ಕಥೆ: 1.27, 0.99, 1.5. ಕ್ವಾರ್ಕ್ ಒಂಟಿಯಾಗಿ ಎಂದೂ ಸಿಗುವುದಿಲ್ಲ ಎಂದು ಹಿಂದಿನ ವಾರವಷ್ಟೇ ಪಾಠ ಮಾಡಿದ್ದೆ. ಆ ಹುಡುಗಿ ಎದ್ದು ನಿಂತು, "ಕೈಗೆ ಸಿಗದ್ದನ್ನು ತೂಗಿದವರು ಯಾರು ಮೇಡಂ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಸೂಪರ್ ಕಂಪ್ಯೂಟರ್‌ನಲ್ಲಿ ಲ್ಯಾಟಿಸ್ ಎಂಬ ವಿಧಾನದಿಂದ ಲೆಕ್ಕ ಹಾಕುತ್ತಾರೆಂದು ಓದಿದ್ದೇನೆ. ಸಹೋದ್ಯೋಗಿಯೊಬ್ಬರು, "ಪ್ರಯೋಗದ ಉತ್ತರವನ್ನೇ ಒಳಗೆ ಹಾಕಿ ಅದನ್ನೇ ಹೊರಗೆ ತೆಗೆಯುತ್ತಾರೆ, ಅದು ಊಹೆ" ಎನ್ನುತ್ತಾರೆ. ಆ ವಿದ್ಯಾರ್ಥಿನಿ ಇದರ ಮೇಲೆಯೇ ಪ್ರಾಜೆಕ್ಟ್ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮಲ್ಲಿರುವುದು ಒಂದು ಲ್ಯಾಪ್‌ಟಾಪ್. ಏನು ಮಾಡಿಸಲಿ? ಮತ್ತು ಹಲಗೆಯ ಮೇಲೆ ಯಾವ ಸಂಖ್ಯೆ ಬರೆಯಲಿ?

ಉತ್ತರ: ಪತ್ರ ಓದಿ ನನಗೆ ನನ್ನ ಸಂಶೋಧನೆಯ ಮೊದಲ ವರ್ಷ ನೆನಪಾಯಿತು. ನನ್ನ ಲೆಕ್ಕದಲ್ಲಿ ಚಾರ್ಮ್ ಕ್ವಾರ್ಕ್‌ಗೆ 0.99 ಬಂದಿತ್ತು. ಗೋಡೆಯ ಮೇಲಿನ ಪಟ್ಟಿಯಲ್ಲಿ 1.27 ಇತ್ತು. ಎರಡು ವಾರ ಪ್ರೋಗ್ರಾಮಿನ ಸಾಲು ಸಾಲನ್ನೂ ತಡಕಾಡಿದೆ. ಹಿರಿಯರೊಬ್ಬರು ಬಂದು ಹಾಳೆ ನೋಡಿ, "ಯಾವ ಸ್ಕೇಲ್‌ನಲ್ಲಿ?" ಎಂದು ಒಂದೇ ಮಾತು ಕೇಳಿದರು. ಅಂದರೆ, ಎಷ್ಟು ಶಕ್ತಿಯಿಂದ ನೋಡಿದಾಗಿನ ದ್ರವ್ಯರಾಶಿ ಎಂದು. ನನ್ನ ಸಂಖ್ಯೆಯೂ ಸರಿಯಿತ್ತು, ಪಟ್ಟಿಯ ಸಂಖ್ಯೆಯೂ ಸರಿಯಿತ್ತು. ನಿಮ್ಮ ತರಗತಿಯಲ್ಲಿ ಕೇಳಿಬಂದ ಆರು ಸಂಖ್ಯೆಗಳಲ್ಲೂ ಒಂದೂ ಅಚ್ಚಿನ ತಪ್ಪಲ್ಲ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು, ಪ್ರಶ್ನೆಗಳನ್ನು ಮಾತ್ರ ಯಾರೂ ಜೊತೆಯಲ್ಲಿ ಅಚ್ಚು ಹಾಕಲಿಲ್ಲ.

ನಿಮ್ಮ ಕಳವಳದಲ್ಲಿ ಎರಡು ಎಳೆಗಳಿವೆ. ಒಂಟಿಯಾಗಿ ಸಿಗದ ಕಣಕ್ಕೆ ದ್ರವ್ಯರಾಶಿ ಎಂದರೆ ಏನು ಎಂಬುದು ಒಂದು. ಕಂಪ್ಯೂಟರ್ ಕೊಟ್ಟ ಸಂಖ್ಯೆಯನ್ನು ನಂಬಬಹುದೇ ಎಂಬುದು ಇನ್ನೊಂದು. ಮೊದಲನೆಯದು ಬಿಡಿಸಿಕೊಳ್ಳದೆ ಎರಡನೆಯದು ಬಿಡಿಸುವುದಿಲ್ಲ.

ನಿಮ್ಮ ಸೀಮೆಯ ಶೇಂಗಾದಿಂದಲೇ ಆರಂಭಿಸೋಣ. ಸಿಪ್ಪೆ ಒಡೆಯಲು ಬಾರದ ಒಂದು ಶೇಂಗಾ ಕಾಯಿ ಇದೆ ಎಂದುಕೊಳ್ಳಿ. ಇಡೀ ಕಾಯಿಯನ್ನು ತಕ್ಕಡಿಗೆ ಹಾಕಬಹುದು, ಬೀಜವನ್ನು ಮಾತ್ರ ಹಾಕಲಾಗದು. ಕ್ವಾರ್ಕ್‌ಗಳ ಸ್ಥಿತಿ ಇದು. ಪ್ರೋಟಾನಿನ ದ್ರವ್ಯರಾಶಿ 0.938 ಜಿಇವಿ. ಅದರೊಳಗಿನ ಎರಡು ಅಪ್, ಒಂದು ಡೌನ್ ಕ್ವಾರ್ಕ್‌ಗಳ ದ್ರವ್ಯರಾಶಿ ಕೂಡಿಸಿದರೆ ಅದರ ಶೇಕಡಾ 1ರಷ್ಟು ಮಾತ್ರ. ಉಳಿದುದೆಲ್ಲ ಕ್ವಾರ್ಕ್‌ಗಳನ್ನು ಬೆಸೆದು ಹಿಡಿಯುವ ಗ್ಲುವಾನ್‌ಗಳ ಮತ್ತು ಕ್ವಾರ್ಕ್‌ಗಳ ಚಲನೆಯ ಶಕ್ತಿ. ಅಲ್ಲಿ ಕಾಯಿಯೆಲ್ಲ ಸಿಪ್ಪೆಯೇ.

ಭಾರವಾದ ಕ್ವಾರ್ಕ್‌ಗಳಲ್ಲಿ ಇದು ತಲೆಕೆಳಗಾಗುತ್ತದೆ. 1974ರ ನವೆಂಬರಿನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಏಕಕಾಲಕ್ಕೆ ಕಂಡ ಜೆ/ಸೈ ಕಣ ಎರಡು ಬೀಜದ ಕಾಯಿ ಇದ್ದಂತೆ: ಒಳಗೆ ಒಂದು ಚಾರ್ಮ್, ಒಂದು ಪ್ರತಿಚಾರ್ಮ್ (ಅದರ ಪ್ರತಿಕಣ). ಅದರ ದ್ರವ್ಯರಾಶಿ 3.097 ಜಿಇವಿ. 1977ರಲ್ಲಿ ಫರ್ಮಿಲ್ಯಾಬ್‌ನಲ್ಲಿ ಸಿಕ್ಕ ಉಪ್ಸಿಲಾನ್ 9.46 ಜಿಇವಿ, ಒಳಗೆ ಬಾಟಮ್ ಮತ್ತು ಪ್ರತಿಬಾಟಮ್. ಇಲ್ಲಿ ಬೀಜ ದಪ್ಪ, ಸಿಪ್ಪೆ ತೆಳು. ಹಾಗಾಗಿ ಎರಡರಿಂದ ಭಾಗಿಸಿಬಿಡುವ ಆಸೆ ಹುಟ್ಟುವುದು ಸಹಜ. ಭಾಗಿಸಿದರೆ ಚಾರ್ಮ್‌ಗೆ 1.55, ಬಾಟಮ್‌ಗೆ 4.73. ನಿಮ್ಮ ಪಟ್ಟಿಯ 1.5 ಈ ಕುಟುಂಬದ್ದು. ಪರಮಾಣುವಿಗೆ ಬರೆಯುವಂತೆ ಕ್ವಾರ್ಕ್ ಜೋಡಿಗೂ ಒಂದು ವಿಭವ (ಪೊಟೆನ್ಷಿಯಲ್) ಬರೆದು ಶ್ರೋಡಿಂಗರ್ ಸಮೀಕರಣ ಬಿಡಿಸುವ ಮಾದರಿಗಳಲ್ಲಿ ಅದು ಬರುತ್ತದೆ. ಬೇರೆ ವಿಭವ ಬರೆದರೆ 1.8 ಕೂಡ ಬರುತ್ತದೆ. ಆ ಮಾದರಿಯೊಳಗೆ ಅದು ಉಪಯುಕ್ತ, ಹೊರಗೆ ಅದಕ್ಕೆ ಬೆಲೆಯಿಲ್ಲ.

ನಿಜವಾದ ತೊಡಕು ಬೇರೆ ಇದೆ. ಬೀಜ ಎಲ್ಲಿ ಮುಗಿದು ಸಿಪ್ಪೆ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಪ್ರಕೃತಿ ಎಳೆದಿಲ್ಲ. ಕ್ವಾರ್ಕ್ ತನ್ನ ಸುತ್ತ ಗ್ಲುವಾನ್‌ಗಳ ಮೋಡವನ್ನು ಹೊತ್ತೇ ಇರುತ್ತದೆ. ದೂರದಿಂದ ನೋಡಿದರೆ ಮೋಡವೂ ಸೇರಿ ಭಾರ ಕಾಣುತ್ತದೆ. ಹೆಚ್ಚು ಶಕ್ತಿಯಿಂದ, ಅಂದರೆ ಹೆಚ್ಚು ಹತ್ತಿರದಿಂದ ನೋಡಿದಷ್ಟೂ ಮೋಡ ಹೊರಗುಳಿಯುತ್ತದೆ, ಸಂಖ್ಯೆ ಇಳಿಯುತ್ತದೆ. ಎಷ್ಟು ಮೋಡವನ್ನು ಬೀಜದ ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ನಾವು ಒಪ್ಪಂದ ಮಾಡಿಕೊಳ್ಳಬೇಕು. ಎಲ್ಲರೂ ಒಪ್ಪಿರುವ ಒಂದು ಪದ್ಧತಿಗೆ ಎಂಎಸ್ ಬಾರ್ ಎಂದು ಹೆಸರು. ಅದರಲ್ಲಿ ಚಾರ್ಮ್ ತನ್ನದೇ ದ್ರವ್ಯರಾಶಿಯ ಸ್ಕೇಲ್‌ನಲ್ಲಿ 1.27, 3 ಜಿಇವಿ ಸ್ಕೇಲ್‌ನಲ್ಲಿ 0.99. ಬಾಟಮ್ ತನ್ನದೇ ಸ್ಕೇಲ್‌ನಲ್ಲಿ 4.18, 10 ಜಿಇವಿಯಲ್ಲಿ ಸುಮಾರು 3.6, ಹಿಗ್ಸ್ ಕಣದ ದ್ರವ್ಯರಾಶಿಯಾದ 125 ಜಿಇವಿಯಲ್ಲಿ 2.8. ಮೊಬೈಲ್ ನೋಡಿದ ಹುಡುಗ ಹಿಗ್ಸ್ ಬಗ್ಗೆ ಬರೆದ ಪುಟವನ್ನು ತೆರೆದಿರಬೇಕು.

ಇಲ್ಲೊಂದು ಎಚ್ಚರಿಕೆ, ಪರೀಕ್ಷೆಯಲ್ಲಿ ಇದನ್ನು ಕೇಳುವುದನ್ನು ನಾನು ನೋಡಿದ್ದೇನೆ. 4.18 ಅನ್ನು 1.27ರಿಂದ ಭಾಗಿಸಿ, ಬಾಟಮ್ ಚಾರ್ಮ್‌ನ 3.3 ಪಟ್ಟು ಭಾರ ಎಂದು ಬರೆಯುತ್ತಾರೆ. ಅದು ತಪ್ಪು, ಏಕೆಂದರೆ ಎರಡು ಸಂಖ್ಯೆಗಳೂ ಎರಡು ಸ್ಕೇಲ್‌ಗಳಲ್ಲಿವೆ. ಒಂದೇ ಸ್ಕೇಲ್‌ನಲ್ಲಿಟ್ಟು ಭಾಗಿಸಿದರೆ ಅನುಪಾತ ಸುಮಾರು 4.58. ಸ್ಕೇಲ್ ಯಾವುದೇ ಇರಲಿ, ಎರಡಕ್ಕೂ ಒಂದೇ ಆಗಿರುವ ತನಕ ಈ ಅನುಪಾತ ಕದಲುವುದಿಲ್ಲ. ಲ್ಯಾಟಿಸ್ ಲೆಕ್ಕ ಅತ್ಯಂತ ಗಟ್ಟಿಯಾಗಿ ಕೊಡುವ ಸಂಖ್ಯೆಗಳಲ್ಲಿ ಇದೂ ಒಂದು.

ಇನ್ನು 4.78. ಇದು ಪೋಲ್ ದ್ರವ್ಯರಾಶಿ. ಮೋಡವನ್ನೆಲ್ಲ ಸೇರಿಸಿ, ಕ್ವಾರ್ಕ್ ಸ್ವತಂತ್ರ ಕಣವೇ ಆಗಿದ್ದರೆ ಎಷ್ಟು ತೂಗುತ್ತಿತ್ತು ಎಂದು ಕೇಳುವ ಪ್ರಶ್ನೆ. ಎಲೆಕ್ಟ್ರಾನಿಗೆ ಈ ಪ್ರಶ್ನೆ ಚೆನ್ನಾಗಿ ಒಪ್ಪುತ್ತದೆ. ಕ್ವಾರ್ಕ್‌ಗೆ ಕೇಳಿದರೆ ಗಣಿತವೇ ಪ್ರತಿಭಟಿಸುತ್ತದೆ. 4.18ಕ್ಕೆ ತಿದ್ದುಪಡಿಗಳನ್ನು ಒಂದೊಂದಾಗಿ ಕೂಡಿಸುತ್ತಾ ಹೋಗಬೇಕು: ಮೊದಲನೆಯದು ಸುಮಾರು 0.40, ಎರಡನೆಯದು 0.20. ಅಲ್ಲಿಗೆ ನಿಲ್ಲಿಸಿದರೆ 4.78. ಆದರೆ ಮೂರನೆಯದು 0.15, ನಾಲ್ಕನೆಯದು 0.14. ಇಳಿಯಬೇಕಾದ ಸರಣಿ ಇಳಿಯುವುದನ್ನೇ ನಿಲ್ಲಿಸಿದೆ, ಮುಂದೆ ಅದು ಏರುತ್ತದೆ. ಈ ಸಂಖ್ಯೆಯಲ್ಲಿ ತೊಡೆಯಲಾಗದ ಒಂದು ಅಸ್ಪಷ್ಟತೆ ಇದೆ ಎಂದು 1994ರಲ್ಲಿ ಎರಡು ತಂಡಗಳು ತೋರಿಸಿದವು. ಎಷ್ಟೇ ಜಾಣ ಲೆಕ್ಕ ಹಾಕಿದರೂ ಪೋಲ್ ದ್ರವ್ಯರಾಶಿಯನ್ನು ಒಂದು ಮಿತಿಗಿಂತ ಹೆಚ್ಚು ನಿಖರವಾಗಿ ಹೇಳಲು ಬಾರದು. ಒಂಟಿ ಕ್ವಾರ್ಕ್ ಇಲ್ಲ ಎಂಬ ಸತ್ಯವನ್ನು ಸರಣಿಯ ನಾಲ್ಕನೆಯ ಪದವೂ ಹೇಳುತ್ತಿದೆ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಈಗ ಸಹೋದ್ಯೋಗಿಯವರ ಆಕ್ಷೇಪಕ್ಕೆ ಬರೋಣ. ಲ್ಯಾಟಿಸ್ ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು.

ಕ್ವಾರ್ಕ್ ಮತ್ತು ಗ್ಲುವಾನ್‌ಗಳ ಸಿದ್ಧಾಂತದ ಸಮೀಕರಣ ಒಂದೇ ಸಾಲಿನದು. ಆದರೆ ಕಡಿಮೆ ಶಕ್ತಿಯಲ್ಲಿ ಬಲ ಎಷ್ಟು ಪ್ರಬಲವೆಂದರೆ ಕಾಗದ ಪೆನ್ನಿನಿಂದ ಅದನ್ನು ಬಿಡಿಸಲಾಗದು. 1974ರಲ್ಲಿ ಕೆನೆತ್ ವಿಲ್ಸನ್ ಒಂದು ದಾರಿ ತೋರಿಸಿದರು. ಆಕಾಶ ಮತ್ತು ಕಾಲವನ್ನು ಅಖಂಡವಾಗಿ ನೋಡುವ ಬದಲು ನಾಲ್ಕು ಆಯಾಮಗಳ ಜಾಲರಿಯಾಗಿ ನೇಯುವುದು. ಗಂಟುಗಳಲ್ಲಿ ಕ್ವಾರ್ಕ್, ಗಂಟಿನಿಂದ ಗಂಟಿಗೆ ಹೋಗುವ ಎಳೆಗಳಲ್ಲಿ ಗ್ಲುವಾನ್. 1980ರ ಹೊತ್ತಿಗೆ ಮೈಕೆಲ್ ಕ್ರೂಟ್ಜ್ ಇದನ್ನು ಕಂಪ್ಯೂಟರ್‌ನಲ್ಲಿ ಓಡಿಸಿ ತೋರಿಸಿದರು. ಅಂದಿನ ಜಾಲರಿಗಳು ಪ್ರತಿ ದಿಕ್ಕಿಗೆ ಕೆಲವೇ ಗಂಟುಗಳವು. ಇಂದು ಬಳಕೆಯಲ್ಲಿರುವ ದೊಡ್ಡ ಜಾಲರಿಗಳಲ್ಲಿ ಒಂದಕ್ಕೆ ಮೂರು ದಿಕ್ಕುಗಳಲ್ಲಿ 144 ಗಂಟುಗಳು, ಕಾಲದ ದಿಕ್ಕಿನಲ್ಲಿ 288. ಗುಣಿಸಿ ನೋಡಿ, ಸುಮಾರು 86 ಕೋಟಿ ಗಂಟುಗಳು. ಇಷ್ಟು ಗಂಟುಗಳ ಇಡೀ ಜಾಲರಿಯ ಅಗಲ 6 ಫರ್ಮಿ. ಒಂದು ಫರ್ಮಿ ಎಂದರೆ 10⁻¹⁵ ಮೀಟರ್.

ಈ ಜಾಲರಿಯ ಮೇಲೆ ಗ್ಲುವಾನ್ ಕ್ಷೇತ್ರದ ಸಾವಿರಾರು ಮಾದರಿಗಳನ್ನು ಸಮೀಕರಣ ಹೇಳುವ ಸಂಭವನೀಯತೆಗೆ ತಕ್ಕಂತೆ ಆರಿಸುತ್ತೇವೆ. ಪ್ರತಿಯೊಂದರ ಮೇಲೂ ಒಂದು ಮೀಸಾನನ್ನು, ಅಂದರೆ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಕೂಡಿದ ಕಣವನ್ನು, ಒಂದು ಕ್ಷಣದಲ್ಲಿ ಹುಟ್ಟಿಸಿ ಇನ್ನೊಂದು ಕ್ಷಣದಲ್ಲಿ ಅಳಿಸುತ್ತೇವೆ. ಎರಡು ಕ್ಷಣಗಳ ಅಂತರ ಹೆಚ್ಚಿದಂತೆ ಸಿಗುವ ಸಂಕೇತ ಘಾತೀಯವಾಗಿ ಕುಗ್ಗುತ್ತದೆ. ಕುಗ್ಗುವ ವೇಗವೇ ಮೀಸಾನಿನ ದ್ರವ್ಯರಾಶಿ. ಲಾಗ್ ಗ್ರಾಫ್ ಹಾಳೆಯ ಮೇಲೆ ಅದೊಂದು ಸರಳರೇಖೆ, ಇಳಿಜಾರನ್ನು ಓದಿಕೊಳ್ಳುವುದಷ್ಟೇ.

ಚಾರ್ಮ್‌ನ ದ್ರವ್ಯರಾಶಿ ಈ ಲೆಕ್ಕಕ್ಕೆ ಒಳಹೋಗುವ ಒಂದು ತಿರುಗುಗುಂಡಿ. ಗುಂಡಿಯನ್ನು ಒಂದು ಬೆಲೆಗೆ ಇಟ್ಟು ಇಟಾ-ಸಿ (ಇದೂ ಚಾರ್ಮ್, ಪ್ರತಿಚಾರ್ಮ್ ಜೋಡಿ) ಮೀಸಾನಿನ ದ್ರವ್ಯರಾಶಿ ಲೆಕ್ಕ ಹಾಕುತ್ತೇವೆ. ಪ್ರಯೋಗ ಹೇಳುವುದು 2.984 ಜಿಇವಿ. ಲೆಕ್ಕ ಹೆಚ್ಚು ಕೊಟ್ಟರೆ ಗುಂಡಿ ಇಳಿಸುತ್ತೇವೆ, ಕಡಿಮೆ ಕೊಟ್ಟರೆ ಏರಿಸುತ್ತೇವೆ. ಎರಡೂ ಹೊಂದಿಕೊಂಡಾಗ ಗುಂಡಿ ನಿಂತ ಜಾಗವೇ ಕ್ವಾರ್ಕ್‌ನ ದ್ರವ್ಯರಾಶಿ. ಕಾಯಿಯನ್ನು ಒಡೆಯಲಿಲ್ಲ. ಬೀಜದ ತೂಕವನ್ನು ಬದಲಿಸುತ್ತಾ, ಸಿಪ್ಪೆಯನ್ನು ಮೂಲ ಸಮೀಕರಣದಿಂದಲೇ ಬೆಳೆಸುತ್ತಾ, ಇಡೀ ಕಾಯಿ ತಕ್ಕಡಿಯ ತೂಕಕ್ಕೆ ಸರಿಹೋಗುವ ತನಕ ಲೆಕ್ಕ ಮಾಡಿದೆವು. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರ ಇದು: ತೂಗಿದ್ದು ಕಾಯಿಯನ್ನು, ಬೀಜವನ್ನು ಲೆಕ್ಕದಿಂದ ಕಂಡುಕೊಂಡೆವು.

ಹಾಗಾದರೆ ಪ್ರಯೋಗದ ಉತ್ತರವನ್ನು ಒಳಗೆ ಹಾಕಿದಂತಾಯಿತಲ್ಲ? ಹೌದು, ಸಹೋದ್ಯೋಗಿಯವರ ಮಾತಿನ ಮೊದಲರ್ಧ ನಿಜ. ಆದರೆ ಎಷ್ಟು ಹಾಕಿದೆವು ಎಂದು ಎಣಿಸಬೇಕು. ಪ್ರತಿ ಕ್ವಾರ್ಕ್ ದ್ರವ್ಯರಾಶಿಗೆ ಒಂದು ಅಳತೆ, ಜಾಲರಿಯ ಅಂತರವನ್ನು ಫರ್ಮಿಗೆ ಹೊಂದಿಸಲು ಇನ್ನೊಂದು. ಅಪ್ ಮತ್ತು ಡೌನ್ ಒಂದೇ ಎಂದು ಹಿಡಿದರೆ, ಸ್ಟ್ರೇಂಜ್, ಚಾರ್ಮ್, ಬಾಟಮ್ ಮತ್ತು ಅಂತರದ್ದೂ ಸೇರಿ ಒಟ್ಟು ಐದು. ಅಲ್ಲಿಗೆ ಗುಂಡಿಗಳೆಲ್ಲ ಮುಗಿದವು. ಆಮೇಲೆ ಹೊರಬರುವ ಪ್ರತಿಯೊಂದು ಸಂಖ್ಯೆಯೂ ಭವಿಷ್ಯವಾಣಿ. 2008ರಲ್ಲಿ ಬುಡಾಪೆಸ್ಟ್, ಮಾರ್ಸೆಲ್, ವುಪರ್ಟಾಲ್ ನಗರಗಳ ತಂಡವೊಂದು ಪ್ರೋಟಾನ್ ಮೊದಲಾದ ಹಗುರ ಕಣಗಳ ದ್ರವ್ಯರಾಶಿಗಳನ್ನು ಹೀಗೆಯೇ ಲೆಕ್ಕ ಹಾಕಿತು. ಅವು ಕೆಲವೇ ಶೇಕಡಾ ಅನಿಶ್ಚಿತತೆಯೊಳಗೆ ಪ್ರಯೋಗಕ್ಕೆ ಹೊಂದಿದವು.

ಭಾರವಾದ ಕ್ವಾರ್ಕ್‌ಗಳ ವಿಷಯದಲ್ಲಿ ನಾನು ಯಾವಾಗಲೂ ಹೇಳುವ ಉದಾಹರಣೆ ಬಿ-ಸಿ ಮೀಸಾನ್. ಒಂದು ಬೀಜ ಪ್ರತಿಬಾಟಮ್, ಇನ್ನೊಂದು ಚಾರ್ಮ್. ಇದರ ದ್ರವ್ಯರಾಶಿ ನಿಖರವಾಗಿ ಗೊತ್ತಿಲ್ಲದಿದ್ದಾಗ, 2005ರಲ್ಲಿ ಪ್ರಕಟವಾದ ಲ್ಯಾಟಿಸ್ ಲೆಕ್ಕವೊಂದು 6304 ಎಂಇವಿ (1000 ಎಂಇವಿ ಅಂದರೆ 1 ಜಿಇವಿ) ಎಂದು ಹೇಳಿತು, ಅನಿಶ್ಚಿತತೆ ಸುಮಾರು 20. ಅದರ ಬೆನ್ನಲ್ಲೇ ಫರ್ಮಿಲ್ಯಾಬ್‌ನ ಸಿಡಿಎಫ್ ಪ್ರಯೋಗ 6286 ಎಂದು ಅಳೆಯಿತು. ಇಂದಿನ ಅಳತೆ 6274ರ ಸಮೀಪ ಇದೆ. ಅಂದಿನ ಲೆಕ್ಕ ಅರ್ಧ ಶೇಕಡಾದೊಳಗೆ ಇತ್ತು, ಅದಕ್ಕಾಗಿ ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ. ಇದನ್ನು ಊಹೆ ಎನ್ನಲಾಗದು.

ಆದರೆ ಕಂಪ್ಯೂಟರ್ ಹೇಳಿದ್ದೆಲ್ಲ ಸತ್ಯ ಎಂಬ ಎದುರು ನಂಬಿಕೆಯೂ ಅಷ್ಟೇ ಅಪಾಯಕಾರಿ. ಭಾರವಾದ ಕ್ವಾರ್ಕ್ ಜಾಲರಿಯ ಮೇಲೆ ಸುಲಭವಾಗಿ ಕೂರುವುದಿಲ್ಲ. ಇದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಜಿಲ್ಲೆಯಲ್ಲಿ ಎರಡು ನೇಯ್ಗೆಗಳಿವೆ, ಚಳ್ಳಕೆರೆಯ ಕಂಬಳಿ ಮತ್ತು ಮೊಳಕಾಲ್ಮೂರಿನ ರೇಷ್ಮೆ ಸೀರೆ. ಸೀರೆಯ ಅಂಚಿನಲ್ಲಿ ಬರುವ ಪುಟ್ಟ ಹಕ್ಕಿಯನ್ನು ಕಂಬಳಿಯ ಮೇಲೆ ಅದೇ ಅಳತೆಯಲ್ಲಿ ನೇಯಲು ಹೇಳಿದರೆ ನೇಕಾರರು ಏನು ಹೇಳುತ್ತಾರೆ? ಎಳೆಯ ದಪ್ಪಕ್ಕಿಂತ ಹಕ್ಕಿಯ ಕೊಕ್ಕು ಸಣ್ಣದು, ಮೂಡುವುದಿಲ್ಲ ಎನ್ನುತ್ತಾರೆ. ಕ್ವಾಂಟಮ್ ಲೋಕದಲ್ಲಿ ಕಣ ಎಷ್ಟು ಭಾರವೋ ಅದರ ತರಂಗ ಅಷ್ಟು ಗಿಡ್ಡ. ಬಾಟಮ್ ಕ್ವಾರ್ಕ್‌ನ ವಿಶಿಷ್ಟ ಉದ್ದ ಸುಮಾರು 0.047 ಫರ್ಮಿ. ಬಹಳ ವರ್ಷ ನಾವು ಬಳಸಿದ ಜಾಲರಿಗಳ ಎಳೆಯಂತರ 0.1 ಫರ್ಮಿ. ಕಂಬಳಿಯ ಮೇಲೆ ಕೊಕ್ಕು ಬಿಡಿಸಿದಂತೆ.

ಹಾಗಾದರೆ ಎಳೆಗಳನ್ನು ಹತ್ತಿರ ಮಾಡಿದರಾಯಿತಲ್ಲ? ಅಂತರವನ್ನು ಅರ್ಧ ಮಾಡಿದರೆ ನಾಲ್ಕು ಆಯಾಮಗಳಲ್ಲಿ ಗಂಟುಗಳು 16 ಪಟ್ಟು. ಕೆಲಸ ಅದಕ್ಕಿಂತಲೂ ಹೆಚ್ಚು, ಏಕೆಂದರೆ ಹೆಜ್ಜೆ ಹೆಜ್ಜೆಗೂ ಲೆಕ್ಕ ನಿಧಾನವಾಗುತ್ತದೆ. ಜಾಲರಿಯನ್ನು ಚಿಕ್ಕದು ಮಾಡಿ ಉಳಿತಾಯ ಮಾಡೋಣವೆಂದರೆ ಅದೂ ಆಗದು. ಅತ್ಯಂತ ಹಗುರ ಮೀಸಾನ್ ಆದ ಪಯಾನ್‌ನ ಉದ್ದ ಸುಮಾರು 1.5 ಫರ್ಮಿ, ಅದಕ್ಕೆ ಓಡಾಡಲು ಅದರ ನಾಲ್ಕು ಪಟ್ಟಾದರೂ ಜಾಗ ಬೇಕು. ಇನ್ನೊಂದು ಕಾಟವೂ ಇದೆ. ಎಳೆಯಂತರ 0.05 ಫರ್ಮಿಗಿಂತ ಕೆಳಗಿಳಿದಾಗ ಗ್ಲುವಾನ್ ಕ್ಷೇತ್ರದ ಕೆಲವು ಗುಣಗಳು ಹೆಪ್ಪುಗಟ್ಟಿಬಿಡುತ್ತವೆ. ಕಂಪ್ಯೂಟರ್ ತಿಂಗಳುಗಟ್ಟಲೆ ಓಡಿದರೂ ಮಾದರಿಗಳು ಒಂದೇ ಮೂಲೆಯಲ್ಲಿ ಸುತ್ತುತ್ತಿರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ.

ಇದರಿಂದ ಪಾರಾಗಲು ನಮ್ಮ ಕ್ಷೇತ್ರ ಹಲವು ದಾರಿಗಳನ್ನು ಹಿಡಿದಿದೆ. ಒಂದರಲ್ಲಿ ಬಾಟಮ್ ನಿಧಾನವಾಗಿ ಚಲಿಸುತ್ತದೆ ಎಂಬ ಸಂಗತಿಯನ್ನೇ ಬಳಸಿಕೊಳ್ಳುತ್ತೇವೆ. ಉಪ್ಸಿಲಾನ್‌ನೊಳಗೆ ಅದರ ವೇಗದ ವರ್ಗ ಬೆಳಕಿನ ವೇಗದ ವರ್ಗದ ಹತ್ತನೇ ಒಂದರಷ್ಟು. ಹಾಗಾಗಿ ಸಾಪೇಕ್ಷತೆಯ ಪೂರ್ತಿ ಸಮೀಕರಣ ಬಿಟ್ಟು, ಸರಳ ಚಲನೆ ಮತ್ತು ಅದರ ತಿದ್ದುಪಡಿಗಳನ್ನು ಬರೆದರೆ ಒರಟು ಜಾಲರಿಯ ಮೇಲೂ ಕೆಲಸ ನಡೆಯುತ್ತದೆ. ಎನ್‌ಆರ್‌ಕ್ಯುಸಿಡಿ ಎಂದು ಇದರ ಹೆಸರು. ನಾನು ಕಲಿತದ್ದು ಇದರ ಮೇಲೆಯೇ, ಇದಕ್ಕೆ ನನ್ನ ಋಣವಿದೆ. ಆದರೂ ಇದರ ಮಿತಿಯನ್ನು ಹೇಳಲೇಬೇಕು: ಈ ವಿಧಾನದಲ್ಲಿ ಎಳೆಯಂತರವನ್ನು ಸೊನ್ನೆಗೆ ಒಯ್ಯುವಂತಿಲ್ಲ. ಒಯ್ದರೆ ತಿದ್ದುಪಡಿಗಳೇ ಸ್ಫೋಟಿಸುತ್ತವೆ. ಮುಗಿದಿದೆ ಎನ್ನುವಲ್ಲಿ ಮುಗಿಯದ ಒಂದು ಅನಿಶ್ಚಿತತೆ ಕೊನೆಯವರೆಗೂ ಉಳಿದುಕೊಳ್ಳುತ್ತದೆ.

ಇನ್ನೊಂದು ದಾರಿ ಈಗ ಹೆಚ್ಚು ಚಾಲ್ತಿಯಲ್ಲಿದೆ. ಜಾಲರಿಯ ದೋಷ ಕಡಿಮೆ ಇರುವಂತೆ ಜಾಣ್ಮೆಯಿಂದ ತಿದ್ದಿದ ಕ್ವಾರ್ಕ್ ಸಮೀಕರಣವನ್ನು ಬರೆದು, ಚಾರ್ಮ್‌ನಿಂದ ಆರಂಭಿಸಿ ಗುಂಡಿಯನ್ನು ಮೆಲ್ಲಗೆ ಏರಿಸುತ್ತಾ ಬಾಟಮ್‌ನ ಹತ್ತಿರ ಹೋಗುವುದು. 0.03 ಫರ್ಮಿಯಷ್ಟು ಸೂಕ್ಷ್ಮ ಜಾಲರಿಗಳ ಮೇಲೆ ಬಾಟಮ್‌ವರೆಗೂ ತಲುಪಬಹುದು. ಒರಟಾದವುಗಳ ಮೇಲೆ ಅರ್ಧ ದಾರಿಗೆ ನಿಲ್ಲಬೇಕು. ಎಲ್ಲವನ್ನೂ ಸೇರಿಸಿ ಸೊನ್ನೆ ಅಂತರಕ್ಕೆ ಗೆರೆ ಎಳೆಯುತ್ತೇವೆ. ಅಪಾಯ ಆ ಗೆರೆಯಲ್ಲಿದೆ. ಬಿಂದುಗಳ ಮೂಲಕ ಹಾದುಹೋಗುವ ವಕ್ರರೇಖೆಗಳು ಹಲವು, ಪ್ರತಿಯೊಂದೂ ಸೊನ್ನೆಯಲ್ಲಿ ಸ್ವಲ್ಪ ಬೇರೆ ಕಡೆ ಮುಟ್ಟುತ್ತದೆ. ಕ್ವಾರ್ಕ್ ಅನಂತ ಭಾರವೆಂದು ಹಿಡಿದು ಅಲ್ಲಿಂದ ಕೆಳಗಿಳಿಯುವ ವಿಧಾನವೂ ಇದೆ. ಎರಡೂ ತುದಿಗಳಿಂದ ಬಂದವರು ನಡುವೆ ಒಂದೇ ಜಾಗದಲ್ಲಿ ಸಂಧಿಸಿದಾಗ ನನಗೆ ಧೈರ್ಯ ಬರುತ್ತದೆ.

ಗುಂಡಿ ನಿಂತ ಜಾಗವನ್ನು ಎಂಎಸ್ ಬಾರ್‌ಗೆ ಪರಿವರ್ತಿಸುವ ಹೆಜ್ಜೆಯಲ್ಲೂ ದೋಷ ನುಸುಳಬಹುದು. ಜಾಲರಿಯ ಗುಂಡಿಯ ಸಂಖ್ಯೆ ಆ ಜಾಲರಿಗಷ್ಟೇ ಸೇರಿದ್ದು, ಮೊಳದಲ್ಲಿ ಅಳೆದ ಬಟ್ಟೆಯಂತೆ. ಅದನ್ನು ಮೀಟರ್‌ಗೆ ತರಬೇಕು. ಎರಡೂ ಕಡೆ ಲೆಕ್ಕ ಹಾಕಬಲ್ಲ ಒಂದು ಪರಿಮಾಣವನ್ನು ಹುಡುಕಿ ಸರಿದೂಗಿಸುವುದು ಒಂದು ಉಪಾಯ. ಎಚ್‌ಪಿಕ್ಯುಸಿಡಿ ತಂಡ ಮತ್ತು ಜರ್ಮನಿಯ ಕಾರ್ಲ್ಸ್‌ರುಹೆಯ ಸಿದ್ಧಾಂತಿಗಳು 2008ರಲ್ಲಿ ಚಾರ್ಮ್‌ಗೆ ಇದನ್ನು ಮಾಡಿ ತೋರಿಸಿದ ಮೇಲೆ ಅನಿಶ್ಚಿತತೆ ಒಮ್ಮೆಗೇ ಶೇಕಡಾ 1ರ ಆಸುಪಾಸಿಗೆ ಇಳಿಯಿತು. ಇಂದು ಚಾರ್ಮ್ 1.273, ಬಾಟಮ್ 4.183, ಎರಡರ ಅನಿಶ್ಚಿತತೆಯೂ ಅರ್ಧ ಶೇಕಡಾಕ್ಕಿಂತ ಕಡಿಮೆ. ಇಷ್ಟು ಸೂಕ್ಷ್ಮಕ್ಕೆ ಬಂದ ಮೇಲೆ, ಹಿಂದೆ ಬದಿಗಿಟ್ಟಿದ್ದ ವಿದ್ಯುತ್ ಆವೇಶದ ಪರಿಣಾಮವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.

ಒಂದು ಮಾತನ್ನು ಒಳಗಿನವನಾಗಿ ಹೇಳಬೇಕು. ಐದು ತಂಡಗಳು ಒಂದೇ ಸಂಖ್ಯೆ ಕೊಟ್ಟರೆ ಐದು ಸಾಕ್ಷಿಗಳು ಎಂದುಕೊಳ್ಳಬೇಡಿ. ದೊಡ್ಡ ಜಾಲರಿಗಳನ್ನು ಸಿದ್ಧಪಡಿಸುವುದು ದುಬಾರಿ, ಆದ್ದರಿಂದ ಒಂದು ತಂಡ ನೇಯ್ದ ಜಾಲರಿಗಳನ್ನೇ ಹಲವರು ಹಂಚಿಕೊಳ್ಳುತ್ತಾರೆ. ಎಮ್‌ಐಎಲ್‌ಸಿ ಎಂಬ ಅಮೆರಿಕದ ತಂಡದ ಜಾಲರಿಗಳ ಮೇಲೆ ನಿಂತ ಬಾಟಮ್ ಲೆಕ್ಕಗಳು ಒಂದಕ್ಕಿಂತ ಹೆಚ್ಚು. ಬಟ್ಟೆ ಒಂದೇ ಆದರೆ ಅದರ ಕೊರತೆಯೂ ಎಲ್ಲರಿಗೂ ಒಂದೇ. ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ತಂಡ ಎಲ್ಲ ಫಲಿತಾಂಶಗಳನ್ನು ತರಿಸಿ, ಎಳೆಯಂತರ, ಜಾಲರಿಯ ಗಾತ್ರ, ಪಯಾನ್‌ನ ದ್ರವ್ಯರಾಶಿ ಒಂದೊಂದಕ್ಕೂ ಬಣ್ಣದ ಗುರುತು ಹಾಕಿ, ಈ ಹಂಚಿಕೆಯನ್ನೂ ಗಮನದಲ್ಲಿಟ್ಟು ಸರಾಸರಿ ಕೊಡುತ್ತದೆ. ನಾನು ಯಾವುದೇ ಹೊಸ ಸಂಖ್ಯೆಯನ್ನು ನೋಡಿದರೂ ಮೊದಲು ಅದರ ಅನಿಶ್ಚಿತತೆಯ ಪಟ್ಟಿಗೆ ಹೋಗುತ್ತೇನೆ. ಎಲ್ಲಿ ಯಾವ ದೋಷ ಎಷ್ಟು ಎಂದು ಬಿಡಿಸಿ ಬರೆಯದವರ ಸಂಖ್ಯೆ ಎಷ್ಟೇ ಚೆಂದವಿದ್ದರೂ ಪಕ್ಕಕ್ಕೆ ಇಡುತ್ತೇನೆ.

ಟಾಪ್ ಕ್ವಾರ್ಕ್ ಬಗ್ಗೆ ನೀವು ಕೇಳಿಲ್ಲ, ತರಗತಿಯಲ್ಲಿ ಕೇಳಬಹುದು. ಅದು ಸುಮಾರು 5×10⁻²⁵ ಸೆಕೆಂಡಿನಲ್ಲಿ ಒಡೆದುಹೋಗುತ್ತದೆ, ಸಿಪ್ಪೆ ಕಟ್ಟಿಕೊಳ್ಳಲು ಅದಕ್ಕೆ ಸಮಯವೇ ಇಲ್ಲ. ಹಾಗಾಗಿ ಅದನ್ನು ಅದರ ಚೂರುಗಳಿಂದ ಅಳೆಯುತ್ತಾರೆ, ಲ್ಯಾಟಿಸ್‌ನಿಂದ ಅಲ್ಲ.

ಇಷ್ಟು ಶ್ರಮ ಏಕೆ ಎಂದು ಕೇಳುವವರಿಗೆ ಹಿಗ್ಸ್ ಕಣವನ್ನು ತೋರಿಸಿ. ಹಿಗ್ಸ್ ಒಡೆಯುವಾಗ ಸುಮಾರು ಶೇಕಡಾ 58 ಬಾರಿ ಬಾಟಮ್ ಜೋಡಿಯಾಗುತ್ತದೆ ಎಂದು ಸಿದ್ಧಾಂತ ಹೇಳುತ್ತದೆ. 2018ರಲ್ಲಿ ಅದನ್ನು ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಕಂಡರು. ಆ ದರ ಬಾಟಮ್ ದ್ರವ್ಯರಾಶಿಯ ವರ್ಗವನ್ನು ಅವಲಂಬಿಸಿದೆ. ದ್ರವ್ಯರಾಶಿಯಲ್ಲಿ ಶೇಕಡಾ 1 ತಪ್ಪಿದರೆ ದರದಲ್ಲಿ ಶೇಕಡಾ 2 ತಪ್ಪುತ್ತದೆ. ಹೊಸ ಭೌತಶಾಸ್ತ್ರದ ಸುಳಿವೋ ಬರೀ ತಪ್ಪು ತೂಕವೋ ಎಂದು ಬೇರ್ಪಡಿಸಬೇಕಾದರೆ ಬೀಜದ ತೂಕ ಸರಿಯಿರಬೇಕು.

ಈಗ ಪ್ರಾಜೆಕ್ಟ್. ಚಾರ್ಮ್ ದ್ರವ್ಯರಾಶಿಯನ್ನು ಲ್ಯಾಪ್‌ಟಾಪ್‌ನಲ್ಲಿ ಕಂಡುಹಿಡಿಯುತ್ತೇನೆ ಎಂದು ಅವಳಿಗೆ ಆಸೆ ಹುಟ್ಟಿಸಬೇಡಿ, ಅದು ಆಗುವುದಿಲ್ಲ. ವಿಭವದ ಮಾದರಿ ಬಿಡಿಸಬಹುದು, ಎರಡು ವಾರದ ಕೆಲಸ. ಆದರೆ ಕೊನೆಗೆ ಸಿಗುವ 1.5 ಅವಳನ್ನು ಮತ್ತೆ ಅದೇ ಗೊಂದಲಕ್ಕೆ ತರುತ್ತದೆ. ಪ್ರತಿ ದಿಕ್ಕಿಗೆ 8 ಗಂಟುಗಳ ಪುಟ್ಟ ಗ್ಲುವಾನ್ ಜಾಲರಿಯನ್ನು ಓಡಿಸಲೂ ಬಹುದು, 4096 ಗಂಟುಗಳನ್ನು ಲ್ಯಾಪ್‌ಟಾಪ್ ತಾಳುತ್ತದೆ. ಅಲ್ಲಿ ಇಡೀ ಸೆಮಿಸ್ಟರ್ ಪ್ರೋಗ್ರಾಮಿನ ತಪ್ಪು ಹುಡುಕುವುದರಲ್ಲೇ ಕಳೆದುಹೋಗುವ ಅಪಾಯ ಇದೆ.

ನನ್ನ ಆಯ್ಕೆ ಸರಳ ಆಂದೋಲಕ, ನಿಮ್ಮ ಪಠ್ಯದಲ್ಲೇ ಇರುವ ಹಾರ್ಮೋನಿಕ್ ಆಸಿಲೇಟರ್. ಕಾಲವನ್ನು ಮಾತ್ರ ಜಾಲರಿ ಮಾಡಿ, ಕಣದ ಪಥಗಳನ್ನು ಮಾಂಟೆ ಕಾರ್ಲೊ (ಯಾದೃಚ್ಛಿಕ ಆಯ್ಕೆಯ) ವಿಧಾನದಿಂದ ಆರಿಸಿ, ಸಂಕೇತ ಕುಗ್ಗುವ ಇಳಿಜಾರಿನಿಂದ ಶಕ್ತಿಯ ಅಂತರ ಓದಿಕೊಳ್ಳುವುದು. ನಾವು ಮಾಡುವುದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ಇಲ್ಲಿ ಉತ್ತರ ಮೊದಲೇ ಗೊತ್ತು, ಅದೇ ಇದರ ಬಲ. ಜಾಲರಿಯ ಮೇಲಿನ ನಿಖರ ಉತ್ತರವೂ ಗೊತ್ತು: ಶಕ್ತಿ ಮತ್ತು ಅಂತರದ ಗುಣಲಬ್ಧದ ಅರ್ಧಕ್ಕೆ ಹೈಪರ್ಬೋಲಿಕ್ ಸೈನ್ ತೆಗೆದರೆ, ಅದು ಆವರ್ತನ ಮತ್ತು ಅಂತರದ ಗುಣಲಬ್ಧದ ಅರ್ಧಕ್ಕೆ ಸಮ. ಆವರ್ತನ 1 ಎಂದಿಟ್ಟು ಅಂತರ 1 ಮಾಡಿದರೆ 0.962 ಬರಬೇಕು, ಅಂತರ 0.5 ಮಾಡಿದರೆ 0.990. ಅಂತರ ಅರ್ಧವಾದಾಗ ದೋಷ ಕಾಲು ಭಾಗವಾಯಿತು.

ಅವಳಿಗೆ ಇನ್ನೊಂದು ಕೆಲಸ ಕೊಡಿ. ಆವರ್ತನ ಮತ್ತು ಅಂತರದ ಗುಣಲಬ್ಧ 0.64 ಇರುವಂತೆ ಒಮ್ಮೆ, 2.1 ಇರುವಂತೆ ಒಮ್ಮೆ ಓಡಿಸಲಿ. 0.1 ಫರ್ಮಿ ಜಾಲರಿಯ ಮೇಲೆ ಚಾರ್ಮ್ ಮತ್ತು ಬಾಟಮ್ ಕ್ವಾರ್ಕ್‌ಗಳಿಗೆ ಬರುವ ಗುಣಲಬ್ಧಗಳು ಇವೇ. ಮೊದಲನೆಯದರಲ್ಲಿ ದೋಷ ಶೇಕಡಾ 1.6, ಎರಡನೆಯದರಲ್ಲಿ ಸುಮಾರು 13. ಕಂಬಳಿಯ ಮೇಲೆ ಕೊಕ್ಕು ಏಕೆ ಮೂಡುವುದಿಲ್ಲ ಎಂಬುದು ಅವಳ ಪರದೆಯ ಮೇಲೆ ಅವಳದೇ ಲೆಕ್ಕದಿಂದ ಕಾಣುತ್ತದೆ.

ಒಂದು ಹಳ್ಳದ ಬಗ್ಗೆ ಮೊದಲೇ ಎಚ್ಚರಿಸಿ, ನಾನೇ ಅದರಲ್ಲಿ ಬಿದ್ದವನು. ಮಾಂಟೆ ಕಾರ್ಲೊದಲ್ಲಿ ಒಂದರ ಹಿಂದೆ ಒಂದು ಬರುವ ಮಾದರಿಗಳು ಪರಸ್ಪರ ಹೋಲುತ್ತವೆ. ಅವನ್ನು ಸ್ವತಂತ್ರ ಎಂದು ಹಿಡಿದರೆ ಅನಿಶ್ಚಿತತೆ ಸುಳ್ಳಾಗಿ ಸಣ್ಣದಾಗುತ್ತದೆ. ನನ್ನ ಮೊದಲ ಫಲಿತಾಂಶದ ಅನಿಶ್ಚಿತತೆ, ಮಾದರಿಗಳನ್ನು ಗುಂಪು ಮಾಡಿ ಮತ್ತೆ ಲೆಕ್ಕ ಹಾಕಿದಾಗ ಮೂರು ಪಟ್ಟಾಯಿತು. 10, 20, 50ರ ಗುಂಪುಗಳಲ್ಲಿ ಸರಾಸರಿ ಮಾಡಿ, ಅನಿಶ್ಚಿತತೆ ಬೆಳೆಯುವುದು ನಿಂತ ಮೇಲೆ ನಂಬಲು ಹೇಳಿ.

ಅವಳಿಗೆ ಮುಂದೆ ಓದುವ ಮನಸ್ಸಿದ್ದರೆ, ಭಾರವಾದ ಕ್ವಾರ್ಕ್‌ಗಳ ಕಣಗಳ ಮೇಲೆ ಭಾರತದಲ್ಲೇ ಕೆಲಸ ನಡೆಯುತ್ತಿದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತೊಡಗಿಕೊಂಡಿರುವ ಇಂಡಿಯನ್ ಲ್ಯಾಟಿಸ್ ಗೇಜ್ ಥಿಯರಿ ಇನಿಶಿಯೇಟಿವ್ ಅದಕ್ಕೊಂದು ನೆಲೆ. ನಿಮಗೂ ಒಂದು ಮಾತು: ನಿಮ್ಮ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಈ ಪ್ರಶ್ನೆಯನ್ನು ಅಲ್ಲಿಗೂ ಒಯ್ಯಿರಿ.

ಹಲಗೆಯ ಮೇಲೆ ಹೀಗೆ ಬರೆಯಿರಿ: ಬಾಟಮ್, 4.18 ಜಿಇವಿ, ಎಂಎಸ್ ಬಾರ್, ತನ್ನದೇ ಸ್ಕೇಲ್‌ನಲ್ಲಿ. ಅದರ ಕೆಳಗೆ 2.8 ಬರೆದು, ಪಕ್ಕದಲ್ಲಿ 125 ಜಿಇವಿ ಸ್ಕೇಲ್ ಎಂದು ಸೇರಿಸಿ. 4.78 ಅನ್ನೂ ಅಳಿಸಬೇಡಿ, ಪಕ್ಕದಲ್ಲಿ ಪೋಲ್, ಎರಡು ತಿದ್ದುಪಡಿಗಳವರೆಗೆ ಎಂದು ಬರೆಯಿರಿ. ಮೂರನೆಯ ಮತ್ತು ನಾಲ್ಕನೆಯ ತಿದ್ದುಪಡಿಗಳನ್ನು ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ಅವಳಿಂದಲೇ ಕೂಡಿಸಿ.